ರೈಲು ಹತ್ತಿಸಿ ಬರೋದು ಹೇಗೆ

ನಮ್ಮನೇಲಿ ಯಾರು ಊರಿಗೆ ಹೊರಟರೂ ಸ್ಟೇಷನ್ ಕೆಲಸ ನನ್ನ ತಲೆಗೇ ಕಟ್ಟೋದು. "ನೀನೇನೂ ಯೋಚ್ನೆ ಮಾಡ್ಬೇಡ, ಅವನು ರೈಲು ಹತ್ಸಿ ಬರ್ತಾನೆ" ಅಂತ ನನ್ನ ಕೇಳದೇ ಮಾತು ಕೊಟ್ಟುಬಿಟ್ಟಿರ್ತಾರೆ. ರಾಜಾಜಿನಗರದಲ್ಲಿ ನಂದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಮಧ್ಯಾಹ್ನ ಎರಡು ಗಂಟೆ ಕಾಲ ಬಾಗಿಲು ಹಾಕಿದರೆ ಪ್ರಪಂಚ ಮುಳುಗಲ್ಲ ಅನ್ನೋದು ಮನೆಯವರ ಲೆಕ್ಕ. ಅಮ್ಮ ಅರಸೀಕೆರೇಲಿ ಅಣ್ಣನ ಜೊತೆ ಇರೋದು. ಎರಡು ಮೂರು ತಿಂಗಳಿಗೊಮ್ಮೆ ಇಲ್ಲಿಗೆ ಬಂದು, ಹದಿನೈದು ದಿನ ಇದ್ದು, "ಬೆಂಗಳೂರು ನೀರು ಒಗ್ಗಲ್ಲಪ್ಪ" ಅಂತ ವಾಪಸ್ ಹೊರಡ್ತಾರೆ. ಹೀಗೆ ಕಳಿಸಿ, ಕರ್ಕೊಂಡು ಬಂದು, ಕಾದು, ಒಂದು ಸಲ ದಂಡವನ್ನೂ ಕಟ್ಟಿ ಕಲ್ತಿದ್ದನ್ನ ಇಲ್ಲಿ ಬರೀತಿದ್ದೀನಿ. ಪ್ರಯಾಣ ಮಾಡೋರಿಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಹತ್ತಿಸೋಕೆ ಹೋಗೋನಿಗೆ ಮಾತ್ರ ಯಾರೂ ಏನೂ ಹೇಳಿಕೊಡಲ್ಲ.

ಮೊದಲು ಟಿಕೆಟ್ ವಿಷಯ. ಪ್ರಯಾಣ ಮಾಡದೇ ಇದ್ದರೂ ಪ್ಲಾಟ್‌ಫಾರಂ ಮೇಲೆ ಕಾಲಿಡೋಕೆ ಟಿಕೆಟ್ ಬೇಕು, ಬೆಲೆ 10 ರೂಪಾಯಿ. ಮೂರು ರೂಪಾಯಿ ಇದ್ದದ್ದು 2012ರಲ್ಲಿ ಐದಾಯ್ತು, 2015ರ ಏಪ್ರಿಲ್ 1ರಿಂದ ಹತ್ತಾಯ್ತು. 2024ರ ಜುಲೈನಿಂದ ಇದರ ಮೇಲೆ ಜಿಎಸ್‌ಟಿನೂ ಇಲ್ಲ. ಜಾತ್ರೆ, ಹಬ್ಬ, ದೊಡ್ಡ ಸಮಾವೇಶ ಅಂತ ಜನ ಮುಗಿಬೀಳೋ ಕಾಲದಲ್ಲಿ ಬೆಲೆ ಏರಿಸೋ ಅಧಿಕಾರ ಆಯಾ ವಿಭಾಗದ ರೈಲ್ವೆ ವ್ಯವಸ್ಥಾಪಕರಿಗಿದೆ. 2020ರಲ್ಲಿ ಕೊರೊನಾ ಬಂದಾಗ ದೇಶದ ಎಷ್ಟೋ ದೊಡ್ಡ ಸ್ಟೇಷನ್‌ಗಳಲ್ಲಿ 50 ರೂಪಾಯಿ ಮಾಡಿದ್ದು ದುಡ್ಡಿನ ಆಸೆಗಲ್ಲ, ಜನ ಬರದೇ ಇರಲಿ ಅಂತ. ಹಾಗಾಗಿ ಕೌಂಟರಲ್ಲಿ ಜಾಸ್ತಿ ಕೇಳಿದರೆ ಜಗಳಕ್ಕೆ ನಿಲ್ಲೋ ಮುಂಚೆ ಪಕ್ಕದಲ್ಲಿ ನೋಟಿಸ್ ಅಂಟಿಸಿದ್ದಾರಾ ನೋಡಿ.

ನಾನು ಹುಡುಗನಾಗಿದ್ದಾಗ ಅಪ್ಪ ಭಾನುವಾರ ಸಂಜೆ ಅರಸೀಕೆರೆ ಸ್ಟೇಷನ್ನಿಗೆ ಎಂಜಿನ್ ತೋರಿಸೋಕೆ ಕರ್ಕೊಂಡು ಹೋಗೋರು. ಆಗ ದಪ್ಪ ರಟ್ಟಿನ ಪುಟಾಣಿ ಟಿಕೆಟ್. ಕೌಂಟರ್ ಒಳಗಡೆ ಒಂದು ಕಬ್ಬಿಣದ ಯಂತ್ರಕ್ಕೆ ತೂರಿಸಿ ಟಕ್ ಅಂತ ತಾರೀಖು ಒತ್ತಿ ಕೊಡೋರು. ಅದನ್ನ ಮುಷ್ಟೀಲಿ ಹಿಡ್ಕೊಂಡು ಬಣ್ಣದ ದೀಪ ತಿರುಗೋ ತೂಕದ ಮೆಷಿನ್ ಮುಂದೆ ನಿಂತ್ಕೊಳ್ಳೋದೇ ನನ್ನ ಪಾಲಿನ ಜಾತ್ರೆ. ಈಗ ಸಿಗೋದು ತೆಳ್ಳಗಿನ ಕಾಗದ, ಇಲ್ಲಾ ಮೊಬೈಲಲ್ಲಿ ಒಂದು ಚಿತ್ರ.

ಆ ಕಾಗದದಲ್ಲಿ ನೋಡಬೇಕಾದ್ದು ಬೆಲೆಯನ್ನಲ್ಲ, ಗಂಟೆಯನ್ನ. ಪ್ಲಾಟ್‌ಫಾರಂ ಟಿಕೆಟ್ ಕೊಟ್ಟ ಹೊತ್ತಿನಿಂದ ಎರಡು ಗಂಟೆ ಮಾತ್ರ ನಡೆಯುತ್ತೆ. ನೀವು ಒಳಗೆ ಕಾಲಿಟ್ಟ ಹೊತ್ತಿನಿಂದ ಅಲ್ಲ. ಹತ್ತಿಸೋಕೆ ಹೋದವರಿಗೆ ಇದು ಧಾರಾಳವಾಗಿ ಸಾಕು. ಕರ್ಕೊಂಡು ಬರೋಕೆ ಹೋದವರು ಮಾತ್ರ ಇಲ್ಲೇ ಎಡವೋದು. ನನ್ನ ಭಾಮೈದ ಒಂದು ಸಲ ಅತ್ತೆ ಮಾವನ್ನ ಕರೆತರೋಕೆ ಹೋಗಿ, ಗಾಡಿ ಹೊತ್ತಿಗೆ ಸರಿಯಾಗಿ ಟಿಕೆಟ್ ತಗೊಂಡು ಒಳಗೆ ಕೂತ. ಗಾಡಿ ಎರಡೂವರೆ ಗಂಟೆ ತಡ. ಬರೋವಾಗ ಗೇಟಲ್ಲಿ ಟಿಸಿ ಕೈ ಒಡ್ಡಿದಾಗ ಇವನು ಠೀವಿಯಿಂದ ಟಿಕೆಟ್ ತೆಗೆದುಕೊಟ್ಟ. ಮಾವನ ಎದುರಿಗೇ ದಂಡ ಕಟ್ಟಿದ. ಅವಮಾನ ದೊಡ್ಡದೋ ದಂಡ ದೊಡ್ಡದೋ ಅಂತ ಇವತ್ತಿಗೂ ನಾವು ಕೇಳ್ತಾ ಇರ್ತೀವಿ.

ಕರ್ಕೊಂಡು ಬರೋಕೆ ಹೋಗೋರು ಗಾಡಿ ಬರೋ ಟೈಮ್ ನೋಡೋದು ಬಿಟ್ಟು, ಗಾಡಿ ಎಲ್ಲಿದೆ ಅಂತ ನೋಡಿ. ಗಾಡಿ ಎಲ್ಲಿದೆ ಅಂತ ತೋರಿಸೋ ರೈಲ್ವೆಯವರ ಎನ್‌ಟಿಇಎಸ್ ಆ್ಯಪ್ ಇದೆ, 139ಕ್ಕೆ ಫೋನ್ ಮಾಡಿದರೂ ಹೇಳ್ತಾರೆ. ನನ್ನ ಲೆಕ್ಕ ಹೀಗಿದೆ. ಹುಬ್ಬಳ್ಳಿ, ಅರಸೀಕೆರೆ ಕಡೆಯಿಂದ ಬರೋ ಗಾಡಿಯಾದರೆ ಅದು ತುಮಕೂರು ಬಿಟ್ಟ ಮೇಲೆ ನಾನು ಅಂಗಡಿ ಬಾಗಿಲು ಎಳೆಯೋದು. ಮೈಸೂರು ಕಡೆಯದಾದರೆ ರಾಮನಗರ ದಾಟಿದ ಮೇಲೆ ಹೊರಡ್ತೀನಿ, ಕೆಂಗೇರಿಗೆ ಬರೋ ಹೊತ್ತಿಗೆ ಸ್ಟೇಷನ್ ಮುಂದೆ ಇರ್ತೀನಿ. ಚೆನ್ನೈ ಕಡೆಯದಕ್ಕೆ ಕೃಷ್ಣರಾಜಪುರ ನನ್ನ ಗುರುತು. ಸ್ಟೇಷನ್ ಮುಂದೆ ಕಾಫಿ ಕುಡೀತಾ ನಿಂತಿದ್ದು, ಗಾಡಿ ಹತ್ತಿರ ಬಂತು ಅಂತ ಗೊತ್ತಾದ ಮೇಲೆ ಟಿಕೆಟ್ ತಗೋಬೇಕು. ಯಾಕಂದ್ರೆ ಕೊನೇ ಐದು ಕಿಲೋಮೀಟರ್ ಅನ್ನೋದು ದೇವರಿಗೇ ಪ್ರೀತಿ. ಪ್ಲಾಟ್‌ಫಾರಂ ಖಾಲಿ ಇಲ್ಲ ಅಂತ ಗಾಡೀನ ಔಟರಲ್ಲಿ, ಅಂದರೆ ಸ್ಟೇಷನ್ ಹೊರಗಿನ ಸಿಗ್ನಲ್ ಹತ್ತಿರ, ನಿಲ್ಲಿಸಿದರೆ ಅರ್ಧ ಗಂಟೆ ಅಲ್ಲೇ ಹೋಗುತ್ತೆ. ಎರಡು ಗಂಟೆ ಮುಗೀತಾ ಬಂತು ಅನ್ನಿಸಿದರೆ ಹೊರಗೆ ಹೋಗಿ ಇನ್ನೊಂದು ಹತ್ತು ರೂಪಾಯಿ ಕೊಟ್ಟು ಬನ್ನಿ, ಜಿಪುಣತನ ಮಾಡಬೇಡಿ.

ಟಿಕೆಟ್ ತಗೊಳ್ಳೋಕೆ ಮೂರು ದಾರಿ. ಜನರಲ್ ಟಿಕೆಟ್ ಕೊಡೋ ಕೌಂಟರ್ ಇದೆ, ಅದೇ ಹಾಲಲ್ಲಿ ನಿಂತಿರೋ ಟಿಕೆಟ್ ಮೆಷಿನ್ ಇದೆ, ಮೊಬೈಲ್ ಇದೆ. ಮೊಬೈಲಲ್ಲಿ ಮುಂಚೆ ನಾನು ರೈಲ್ವೆಯವರ ಯುಟಿಎಸ್ ಆ್ಯಪ್ ಬಳಸ್ತಿದ್ದೆ. 2025ರ ಜುಲೈ 1ರಂದು ಅವರದೇ ರೈಲ್‌ಒನ್ ಆ್ಯಪ್ ಬಂದ ಮೇಲೆ ಮಗಳು ಅದನ್ನ ಹಾಕಿಕೊಟ್ಟಳು, ಪ್ಲಾಟ್‌ಫಾರಂ ಟಿಕೆಟ್ ಅದರಲ್ಲೇ ಸಿಗುತ್ತೆ. ಇದರಲ್ಲಿ ಒಂದು ಗುಟ್ಟಿದೆ. ಪ್ಲಾಟ್‌ಫಾರಂ ಮೇಲೆ ಹೋಗಿ ನಿಂತು, ಟಿಸಿ ಬರೋದನ್ನ ಕಂಡು ತಗೋತೀನಿ ಅಂದರೆ ಬರಲ್ಲ. ಫೋನಿನ ಜಿಪಿಎಸ್ ನೀವು ಹಳಿ ಪಕ್ಕ ಇದ್ದೀರಿ ಅಂತ ಹೇಳಿಬಿಡುತ್ತೆ. ಪಾರ್ಕಿಂಗಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ತಗೋಬೇಕು, ಅದೇ ಸರಿಯಾದ ಜಾಗ. ಮರೆತು ಕಟ್ಟಡದ ಹತ್ತಿರ ಹೋಗಿಬಿಟ್ಟಿದ್ದರೆ ಗೋಡೆ ಮೇಲೆ ಅಂಟಿಸಿರೋ ಕ್ಯೂಆರ್ ಕೋಡ್ ಹುಡುಕಿ, ಅದನ್ನ ಸ್ಕ್ಯಾನ್ ಮಾಡಿ ತಗೋಬಹುದು. ಟಿಕೆಟ್ಟನ್ನ ಆ್ಯಪ್ ಒಳಗಡೆಯೇ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ತೋರಿಸಿದರೆ ಒಪ್ಪಲ್ಲ. ಚಾರ್ಜ್ ಶೇಕಡ ನಾಲ್ಕಿದ್ದರೆ ಕಾಗದದ ಟಿಕೆಟ್ಟೇ ತಗೊಳ್ಳಿ. ಫೋನ್ ಸತ್ತರೆ ಟಿಕೆಟ್ಟೂ ಸತ್ತ ಹಾಗೇ.

ಒಳಗೆ ಹೋಗುವಾಗ ಯಾರೂ ಕೇಳಲಿಲ್ಲ ಅಂತ ಕಾಗದ ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕೋರನ್ನ ಎಷ್ಟು ಜನಾನ ನೋಡಿದ್ದೀನೋ. ಕೇಳೋದು ಹೊರಗೆ ಬರುವಾಗ! ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ಹೋಗುತ್ತೆ, ಮೇಲೆ ರೈಲಿನ ದರಾನೂ ಸೇರಿಸ್ತಾರೆ, ಯಾಕಂದ್ರೆ ನೀವು ಯಾವುದೋ ಗಾಡಿಯಿಂದ ಇಳಿದವರಲ್ಲ ಅನ್ನೋದಕ್ಕೆ ನಿಮ್ಮ ಹತ್ತಿರ ಏನು ಸಾಕ್ಷಿ? ಆ ಹತ್ತು ರೂಪಾಯಿ ಕಾಗದವೇ ಸಾಕ್ಷಿ. ಮನೆ ಸೇರೋವರೆಗೂ ಜೇಬಲ್ಲಿರಲಿ. ನಮ್ಮನೆಯವಳು ಬಟ್ಟೆ ಒಗೆಯೋವಾಗ ನನ್ನ ಜೇಬಿಂದ ಇಂಥ ಎಷ್ಟೋ ಕಾಗದದ ಉಂಡೆ ತೆಗೆದು ಬೈದಿದ್ದಾಳೆ. ಬೈಸ್ಕೊಂಡರೂ ಪರವಾಗಿಲ್ಲ.

ಇನ್ನು ಯಾವ ಸ್ಟೇಷನ್ನು ಅನ್ನೋದು. ತಮಾಷೆ ಅಲ್ಲ, ಬೆಂಗಳೂರಲ್ಲಿ ಇದೇ ದೊಡ್ಡ ಗೊಂದಲ. ನಾವು ಸಿಟಿ ಸ್ಟೇಷನ್ ಅನ್ನೋದು ಟಿಕೆಟ್ಟಲ್ಲಿ ಕೆಎಸ್‌ಆರ್ ಬೆಂಗಳೂರು, ಅಂದರೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಯಶವಂತಪುರ ಬೇರೆ, ಕಂಟೋನ್ಮೆಂಟ್ ಬೇರೆ, 2022ರ ಜೂನಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಬೇರೆ. ಇದು ಬೈಯಪ್ಪನಹಳ್ಳೀಲಿದೆ ಅಂತ ಮೆಟ್ರೊ ಇಳಿದು, ಪಕ್ಕದಲ್ಲೇ ಇರುತ್ತೆ ಅಂದ್ಕೊಂಡು ಅತ್ತೇನ ನಡೆಸ್ಕೊಂಡು ಹೋದ ಗೆಳೆಯ ಒಬ್ಬ ಇದ್ದಾನೆ. ಹೊರಡೋ ಮುಂಚೆ ಪ್ರಯಾಣ ಮಾಡೋರ ಟಿಕೆಟ್ಟನ್ನ ನೀವೇ ಒಂದು ಸಲ ಕಣ್ಣಾರೆ ಓದಿ. "ಸ್ಟೇಷನ್ನಿಂದಾನೇ ಕಣೋ" ಅಂತ ಅಮ್ಮ ಹೇಳಿದ್ದನ್ನ ನಂಬಬೇಡಿ. ಪ್ಲಾಟ್‌ಫಾರಂ ಟಿಕೆಟ್ ಕೂಡ ಕೊಟ್ಟ ಸ್ಟೇಷನ್ನಿಗೆ ಮಾತ್ರ.

ಸಿಟಿ ಸ್ಟೇಷನ್ನಿಗೆ ಎರಡು ಬಾಗಿಲು. ಎಲ್ಲರಿಗೂ ಗೊತ್ತಿರೋದು ಮೆಜೆಸ್ಟಿಕ್ ಕಡೆಯದು, ಒಂದನೇ ಪ್ಲಾಟ್‌ಫಾರಂ ಇರೋ ಕಡೆ. ಇನ್ನೊಂದು ಹಿಂದುಗಡೆ, ಓಕಳೀಪುರದ ಕಡೆ, ಹತ್ತನೇ ಪ್ಲಾಟ್‌ಫಾರಂ ಪಕ್ಕ. ಅಲ್ಲೂ ಟಿಕೆಟ್ ಕೌಂಟರ್ ಇದೆ, ನೇರಳೆ ಲೈನಿನ ಮೆಟ್ರೊ ಸ್ಟೇಷನ್ನಿಂದ ಆ ಕಡೆಗೆ ಕಾಲುಸೇತುವೆಯೂ ಇದೆ. ಗಾಡಿ ಎಂಟು, ಒಂಬತ್ತು, ಹತ್ತರಲ್ಲಿ ನಿಲ್ಲೋದಾದರೆ ಮೆಜೆಸ್ಟಿಕ್ ಕಡೆಯಿಂದ ಹೋಗಿ ಅಷ್ಟೂ ಹಳಿ ದಾಟಿಸೋದು ಮಂಡಿನೋವಿನ ತಾಯಿಗೆ ಮಾಡೋ ಅನ್ಯಾಯ. ಆಟೊ ಹತ್ತೋ ಮುಂಚೆ ಎಷ್ಟನೇ ಪ್ಲಾಟ್‌ಫಾರಂ ಅಂತ ನೋಡಿಕೊಂಡು ಬಾಗಿಲು ಆರಿಸಿ. ಕೊನೇ ಗಳಿಗೇಲಿ ಬದಲಾಗೋದುಂಟು, ಆದರೂ ಬಹಳಷ್ಟು ಸಲ ಗಾಡಿಗಳು ತಮ್ಮ ಮಾಮೂಲಿ ಜಾಗಕ್ಕೇ ಬರ್ತವೆ.

ನಡೆಯೋಕೆ ಆಗದವರಿದ್ದರೆ ವೀಲ್‌ಚೇರ್ ಸಿಗುತ್ತೆ. ಸ್ಟೇಷನ್ ಮಾಸ್ಟರ್ ಕಚೇರೀಲಿ ಕೇಳಬೇಕು, ವೀಲ್‌ಚೇರಿಗೆ ದುಡ್ಡಿಲ್ಲ, ತಳ್ಳೋಕೆ ಪೋರ್ಟರ್ ಬೇಕಾದರೆ ಅವರ ಕೂಲಿ ನಿಮ್ಮದು. ಮೊದಲೇ ಮಾತಾಡಿಕೊಳ್ಳಿ. ಗಾಡಿ ಹೊರಡೋಕೆ ಹತ್ತು ನಿಮಿಷ ಇರುವಾಗ ಕೇಳಿದರೆ ಅವರಾದರೂ ಎಲ್ಲಿಂದ ತರ್ತಾರೆ? ನಾನಂತೂ ಮುಕ್ಕಾಲು ಗಂಟೆ ಮುಂಚೆ ಹೋಗ್ತೀನಿ. ಅಮ್ಮ ಮೊದಮೊದಲು "ನಂಗೇನಾಗಿದೆ, ಜನ ನೋಡಿದ್ರೆ ಏನನ್ಕೋತಾರೆ" ಅಂತ ವೀಲ್‌ಚೇರಲ್ಲಿ ಕೂರೋಕೆ ಒಪ್ಪಲಿಲ್ಲ. ಒಂದು ಸಲ ಕೂತ ಮೇಲೆ ಈಗ ಆಟೊ ಇಳಿಯೋ ಮುಂಚೆಯೇ "ಗಾಡಿ ಎಲ್ಲೋ" ಅಂತ ಕೇಳ್ತಾರೆ.

ನಮ್ಮ ಮನೆ ರಾಜಾಜಿನಗರ, ಯಶವಂತಪುರಾನೂ ಹತ್ತಿರ, ಅರಸೀಕೆರೆ ಗಾಡಿ ಅಲ್ಲೂ ನಿಲ್ಲುತ್ತೆ. ಹಾಗಿದ್ದಮೇಲೆ ಸಿಟಿಗೆ ಯಾಕೆ ಹೋಗ್ತೀಯ ಅಂತ ಬಹಳ ಜನ ಕೇಳ್ತಾರೆ. ಹುಬ್ಬಳ್ಳಿ ಕಡೆ ಹೋಗೋ ಸಿದ್ಧಗಂಗಾ ಎಕ್ಸ್‌ಪ್ರೆಸ್ ಹೊರಡೋದೇ ಸಿಟಿಯಿಂದ. ಹೊರಡೋ ಸ್ಟೇಷನ್ನಲ್ಲಿ ಗಾಡಿ ಮುಂಚೇನೇ ಬಂದು ನಿಂತಿರುತ್ತೆ, ನಿಧಾನಕ್ಕೆ ಹತ್ತಿಸಿ, ಸೀಟು ನೋಡಿ, ನೀರಿನ ಬಾಟಲಿ ಕೊಟ್ಟು, ಎದುರಿನವರಿಗೆ "ಅರಸೀಕೆರೇಲಿ ಸ್ವಲ್ಪ ಇಳಿಸ್ಕೊಡಿ" ಅಂತ ಹೇಳೋವಷ್ಟು ಹೊತ್ತಿರುತ್ತೆ. ನಡುವಿನ ಸ್ಟೇಷನ್ನಲ್ಲಿ ಒಂದೆರಡು ನಿಮಿಷ ಅಷ್ಟೆ. ವಯಸ್ಸಾದವರನ್ನ ಕಳಿಸೋದಾದರೆ ನಾಲ್ಕು ಕಿಲೋಮೀಟರ್ ದೂರ ಆದರೂ ಗಾಡಿ ಹುಟ್ಟೋ ಜಾಗಕ್ಕೇ ಹೋಗಿ.

ಬೋಗಿ ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಮೊದಲೇ ಹುಡುಕಿಟ್ಟುಕೊಳ್ಳಬೇಕು. ಒಂದು ಬೋಗಿ ಸುಮಾರು 24 ಮೀಟರ್, ಇಪ್ಪತ್ತೆರಡು ಬೋಗಿ ಅಂದರೆ ಅರ್ಧ ಕಿಲೋಮೀಟರ್ ಮೇಲಾಯ್ತು. ಡಿ-1 ಈ ತುದೀಲಿದೆ ಅಂದ್ಕೊಂಡು ಹೋಗಿ ಅದು ಆ ತುದೀಲಿದ್ದರೆ ಚೀಲ ಹೊತ್ತು ನಡೆಯೋದು ಯಾರು? ಪ್ಲಾಟ್‌ಫಾರಂ ಮೇಲೆ ತೂಗುಹಾಕಿರೋ ಬೋರ್ಡಲ್ಲಿ ಬೋಗಿ ನಂಬರ್ ಬರುತ್ತೆ, ಬರದಿದ್ದರೆ ಪೋರ್ಟರುಗಳನ್ನ ಕೇಳಿ, ಅವರಿಗೆ ಗೊತ್ತಿಲ್ಲದ್ದು ಯಾರಿಗೂ ಗೊತ್ತಿರಲ್ಲ. ಹುಬ್ಬಳ್ಳೀಲಿ ದೊಡ್ಡಮ್ಮನ ಮನೆಗೆ ಹೋದಾಗ ಇನ್ನೊಂದು ಪಾಠ ಆಯ್ತು. ಅಲ್ಲಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆ ಪ್ಲಾಟ್‌ಫಾರಂ 1,507 ಮೀಟರ್, ಪ್ರಪಂಚದಲ್ಲೇ ಉದ್ದದ್ದು ಅಂತ 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತಲ್ಲ, ಅದೇ. ಅಷ್ಟುದ್ದ ಇದ್ದಮೇಲೆ ಒಂದೇ ಪ್ಲಾಟ್‌ಫಾರಮಲ್ಲಿ ಎರಡು ಗಾಡಿ ನಿಲ್ಲಬಹುದು. ಅಲ್ಲಿ ಬರೀ ನಂಬರ್ ಕೇಳಿದರೆ ಸಾಲದು, ಯಾವ ತುದಿ ಅಂತಾನೂ ಕೇಳಬೇಕು.

ಈಗ ನನ್ನ ದಂಡದ ಕಥೆ. ಆವತ್ತು ಅಮ್ಮನ ಲಗೇಜು ಮಾಮೂಲಿಗಿಂತ ಜಾಸ್ತಿ ಇತ್ತು. ಊರಿಂದ ಬರುವಾಗ ಒಂದು ಚೀಲ ತೆಂಗಿನಕಾಯಿ ತಂದು, ಹೋಗುವಾಗ ಅದೇ ಚೀಲದಲ್ಲಿ ಸ್ಟೀಲ್ ಪಾತ್ರೆ ತುಂಬಿಸ್ಕೊಂಡು ಹೊರಟಿದ್ದರು. ಸೀಟಿನ ಕೆಳಗೆ ಜಾಗ ಇಲ್ಲ, ಮೇಲೆ ಇನ್ಯಾರದೋ ಸೂಟ್‌ಕೇಸು. ನಾನು ಅವರನ್ನ ಸ್ವಲ್ಪ ಸರಿಸಿ ಅಂತ ಕೇಳಿ, ಅವರು ಮುಖ ಗಂಟುಹಾಕಿ, ಅಷ್ಟರಲ್ಲಿ ಅಮ್ಮ "ಹೊರಡ್ತು ಕಣೋ" ಅಂದರು. ಈಗಿನ ಗಾಡಿಗಳು ಮುಂಚಿನ ಹಾಗೆ ಧಡಕ್ ಅಂತ ಜಗ್ಗಿ ಹೊರಡಲ್ಲ, ಬೆಣ್ಣೆ ಜಾರಿದ ಹಾಗೆ ಜಾರ್ತವೆ. ಬಾಗಿಲಿಗೆ ಓಡಿ ಬರೋ ಹೊತ್ತಿಗೆ ಪ್ಲಾಟ್‌ಫಾರಂ ಮೇಲಿನ ಕಂಬಗಳು ಹಿಂದೆ ಓಡ್ತಿದ್ದವು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೇಬಿಟ್ಟಿದ್ದೆ. ಬಾಗಿಲಲ್ಲಿ ನಿಂತಿದ್ದ ಹುಡುಗ ಅಂಗಿ ಹಿಡಿದು ಒಳಗೆ ಎಳೆದ. "ಅಂಕಲ್, ಯಶವಂತಪುರ ಹತ್ತು ಹದಿನೈದು ನಿಮಿಷ" ಅಂದ. ಆ ಹುಡುಗನ ಹೆಸರು ಕೂಡ ಕೇಳಲಿಲ್ಲ ನಾನು.

ಗಾಡಿಯೊಳಗೆ ಟಿಕೆಟ್ ನೋಡೋ ಟಿಟಿಇ ಬಂದರು. ಪ್ಲಾಟ್‌ಫಾರಂ ಟಿಕೆಟ್ ತೋರಿಸಿ ನಡೆದದ್ದು ಹೇಳಿದೆ. ಅದು ಪ್ರಯಾಣದ ಟಿಕೆಟ್ ಅಲ್ಲ ಅಂತ 250 ರೂಪಾಯಿ ದಂಡ, ಜೊತೆಗೆ ಟಿಕೆಟ್ ದರ ಹಾಕಿ ರಸೀದಿ ಕೊಟ್ಟರು. ಪ್ಲಾಟ್‌ಫಾರಂ ಟಿಕೆಟ್ ಇದ್ದರೆ ರೈಲು ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ವಾಟ್ಸಾಪಲ್ಲಿ ಓಡಾಡ್ತಾ ಇರುತ್ತಲ್ಲ, ಅದು ಅರ್ಧ ಸತ್ಯ. ನೀವು ಇಂಥ ಸ್ಟೇಷನ್ನಿಂದ ಹತ್ತಿದಿರಿ ಅನ್ನೋದಕ್ಕೆ ಅದು ಸಾಕ್ಷಿ ಆಗುತ್ತೆ, ಹಾಗಾಗಿ ದರ ಅಲ್ಲಿಂದ ಲೆಕ್ಕ ಆಗುತ್ತೆ. ದಂಡ ತಪ್ಪಲ್ಲ. ಯಶವಂತಪುರದಲ್ಲಿ ಇಳಿದು ರಸೀದಿ ತೋರಿಸಿ ಹೊರಗೆ ಬಂದೆ. ಅಲ್ಲಿಂದ ಹಸಿರು ಲೈನ್ ಮೆಟ್ರೊದಲ್ಲಿ ಹೋದರೆ ರಾಜಾಜಿನಗರ ಹತ್ತಿರ, ಆದರೆ ಸ್ಕೂಟರ್ ಸಿಟಿ ಸ್ಟೇಷನ್ ಪಾರ್ಕಿಂಗಲ್ಲಿ ನನ್ನ ದಾರಿ ಕಾಯ್ತಾ ಇತ್ತಲ್ಲ! ಮತ್ತೆ ಮೆಜೆಸ್ಟಿಕ್ಕಿಗೆ ಹೋಗಿ ಅದನ್ನ ತಂದೆ.

ಅವತ್ತಿನಿಂದ ನನ್ನ ಪದ್ಧತಿ ಬದಲಾಗಿದೆ. ಹೊರಡೋಕೆ ಹತ್ತು ನಿಮಿಷ ಇದೆ ಅನ್ನುವಾಗ ಫೋನಲ್ಲಿ ಅಲಾರಂ ಹೊಡೆಯುತ್ತೆ, ಚೀಲ ಎಲ್ಲಿದ್ದರೆ ಅಲ್ಲೇ ಬಿಟ್ಟು ಇಳಿದುಬಿಡ್ತೀನಿ, ಉಳಿದ ಮಾತು ಕಿಟಕಿ ಸರಳಿನಾಚೆಯಿಂದ. ಭಾರದ ಲಗೇಜಿದ್ದರೆ ಪೋರ್ಟರ್ ಕೈಲಿ ಕೊಡ್ತೀನಿ, ಅವರು ನನ್ನ ಹಾಗೆ ಸೂಟ್‌ಕೇಸಿನವರ ಜೊತೆ ಚರ್ಚೆಗೆ ನಿಲ್ಲಲ್ಲ. ಅಕಸ್ಮಾತ್ ಗಾಡಿ ಹೊರಟೇಬಿಟ್ಟರೆ ಹಾರಬೇಡಿ. ಮೆಟ್ಟಿಲಿಗೂ ಪ್ಲಾಟ್‌ಫಾರಮಿಗೂ ನಡುವಿನ ಸಂದಿ ಒಬ್ಬ ಮನುಷ್ಯ ಜಾರಿಹೋಗೋವಷ್ಟು ಅಗಲ ಇರುತ್ತೆ. ಚೈನೂ ಎಳೀಬೇಡಿ. ತಕ್ಕ ಕಾರಣ ಇಲ್ಲದೆ ಎಳೆದರೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಂತ ರೈಲ್ವೆ ಕಾಯ್ದೇಲಿದೆ, "ಇಳಿಯೋಕೆ ಮರೆತೆ" ಅನ್ನೋದನ್ನ ಕಾರಣ ಅಂತ ಒಪ್ಪಲ್ಲ. ಮುಂದಿನ ಸ್ಟೇಷನ್ ಬರೋವರೆಗೆ ಕೂತ್ಕೊಂಡು, ಟಿಟಿಇ ಹುಡುಕೋ ಮುಂಚೆ ನೀವೇ ಹೋಗಿ ಹೇಳಿ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ, ಆ ರಸೀದಿ ಇಲ್ಲದಿದ್ದರೆ ಮುಂದಿನ ಗೇಟಲ್ಲಿ ಮತ್ತೊಂದು ದಂಡ.

ಹಬ್ಬದ ದಿನಗಳಲ್ಲಿ ಪ್ಲಾಟ್‌ಫಾರಂ ಟಿಕೆಟ್ ಮಾರೋದನ್ನೇ ನಿಲ್ಲಿಸಿರಬಹುದು. ದೀಪಾವಳಿ, ಛತ್ ಹೊತ್ತಲ್ಲಿ ಮುಂಬೈ, ದೆಹಲಿ ಕಡೆಯ ದೊಡ್ಡ ಸ್ಟೇಷನ್‌ಗಳಲ್ಲಿ ಇದು ನಡೆದಿದೆ. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ಸ್ಟೇಷನ್ನಲ್ಲಿ ಕಾಲ್ತುಳಿತ ಆಗಿ 18 ಜನ ತೀರಿಹೋದ ಮೇಲೆ ಅಲ್ಲಿ ಕೆಲವು ದಿನ ನಿಲ್ಲಿಸಿದ್ದರು. ಹೀಗೆ ನಿಲ್ಲಿಸಿದಾಗಲೂ ವಯಸ್ಸಾದವರು, ಕಾಯಿಲೆಯವರು, ಮಕ್ಕಳ ಜೊತೆ ಬಂದವರಿಗೆ ಸಾಮಾನ್ಯವಾಗಿ ಕೊಡ್ತಾರೆ, ಕೌಂಟರಲ್ಲಿ ವಿಷಯ ಹೇಳಿ ಕೇಳಬೇಕು. ಟಿಕೆಟ್ ಇಲ್ಲ ಅಂದರೆ ಪಕ್ಕದ ಸ್ಟೇಷನ್ನಿಗೆ ಹತ್ತು ರೂಪಾಯಿ ಪ್ಯಾಸೆಂಜರ್ ಟಿಕೆಟ್ ತಗೊಂಡು ಒಳಗೆ ನುಗ್ಗೋ ಉಪಾಯ ನಂಗೂ ಗೊತ್ತು. ಒಂದು ಕಾಲದಲ್ಲಿ ಜಾಣತನ ಅಂದ್ಕೊಂಡಿದ್ದೆ. ಈಗ ಮಾಡಲ್ಲ. ಅಂಥ ದಿನ ಒಬ್ಬರಿಗೆ ಹತ್ತಿಸೋಕೆ ಒಬ್ಬರೇ ಹೋದರೆ ಸಾಕು. ಅತ್ತಿಗೆ, ನಾದಿನಿ, ಮಕ್ಕಳು ಎಲ್ಲ ಸೇರಿ ಟಾಟಾ ಮಾಡೋದನ್ನ ಮನೆ ಗೇಟಲ್ಲೇ ಮುಗಿಸಿ.

ಹೆಣ್ಣುಮಕ್ಕಳನ್ನ ಒಬ್ಬರನ್ನೇ ರಾತ್ರಿ ಗಾಡೀಲಿ ಕಳಿಸೋರಿಗೆ ಒಂದು ಮಾತು. ಆರ್‌ಪಿಎಫ್, ಅಂದರೆ ರೈಲ್ವೆ ರಕ್ಷಣಾ ಪಡೆಯವರದ್ದು 'ಮೇರಿ ಸಹೇಲಿ' ಅಂತ ಒಂದು ವ್ಯವಸ್ಥೆ ಇದೆ, ಒಂಟಿಯಾಗಿ ಹೋಗೋ ಹೆಂಗಸರನ್ನ ಮಹಿಳಾ ಸಿಬ್ಬಂದಿ ಬಂದು ಮಾತಾಡಿಸಿ, ಸೀಟ್ ನಂಬರ್ ಬರ್ಕೊಂಡು ದಾರಿಯುದ್ದಕ್ಕೂ ವಿಚಾರಿಸ್ತಾರೆ. ಪ್ಲಾಟ್‌ಫಾರಂ ಮೇಲೆ ಅವರನ್ನ ಕಂಡರೆ ಹೇಳಿ. ಏನಾದರೂ ಆದರೆ ಮಗಳ ಫೋನಲ್ಲಿ 139 ಇರಲಿ.

ಕೊನೇದಾಗಿ ಇಳಿಯೋ ಕಡೆಯವರಿಗೆ ಫೋನ್. ಬರೀ "ಗಾಡಿ ಹೊರಡ್ತು" ಅಂದರೆ ಸಾಲದು. ಬೋಗಿ ನಂಬರ್, ಸೀಟ್ ನಂಬರ್, ಲಗೇಜ್ ಎಷ್ಟು, ಎಂಜಿನ್ ಕಡೆಯಿಂದ ಎಷ್ಟನೇ ಬೋಗಿ, ಇಷ್ಟನ್ನೂ ಹೇಳಬೇಕು. ಅರಸೀಕೆರೇಲಿ ಅಣ್ಣ ಹತ್ತು ರೂಪಾಯಿ ಟಿಕೆಟ್ ತಗೊಂಡು ಸರಿಯಾದ ಜಾಗದಲ್ಲಿ ನಿಂತಿದ್ದರೆ ಮಾತ್ರ ಆ ಎರಡು ನಿಮಿಷದಲ್ಲಿ ಅಮ್ಮಾನೂ ಪಾತ್ರೆ ಚೀಲಾನೂ ಒಟ್ಟಿಗೆ ಇಳಿಯೋದು. ಅಮ್ಮನಿಗೆ ಫೋನ್ ಮಾಡೋದಾದರೆ ಗಾಡಿ ತುಮಕೂರು ದಾಟಿದ ಮೇಲೆ ಮಾಡ್ತೀನಿ. ಅದಕ್ಕೆ ಮುಂಚೆ ಮಾಡಿದರೆ ಎತ್ತಲ್ಲ, ಫೋನು ಚೀಲದ ತಳದಲ್ಲಿ, ಚಕ್ಕುಲಿ ಡಬ್ಬದ ಕೆಳಗಿರುತ್ತೆ.